ಕರ್ನಾಟಕದ ಪಟ್ಟಾಭಿಷೇಕಗಳಲ್ಲಿ ರಾಜಲಾಂಛನಗಳು

ರಾಜಲಾಂಛನಗಳು ಎಂದರೆ ಅರಸನ ಪದವಿಯನ್ನು ಪ್ರಜೆಗಳ ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಮಾಡುವ ವಸ್ತುಗಳು. ಪಟ್ಟ, ಸಿಂಹಾಸನ, ಬೆಳ್ಗೊಡೆ (ಬಿಳಿಯ ಕೊಡೆ), ಚಾಮರ, ಖಡ್ಗ, ಧ್ವಜ, ರಾಜಮುದ್ರೆ ಹಾಗೂ ವಾದ್ಯಗಳು ಇವುಗಳಲ್ಲಿ ಮುಖ್ಯವಾದವು. ಇವುಗಳನ್ನು ವಿಧಿಪೂರ್ವಕವಾಗಿ ಧರಿಸುವ ಅಥವಾ ಸ್ವೀಕರಿಸುವ ಸಮಾರಂಭವೇ ಪಟ್ಟಾಭಿಷೇಕ. ಕನ್ನಡ ನಾಡಿನ ಅರಸುಮನೆತನಗಳಲ್ಲಿ ಈ ವಸ್ತುಗಳು ಕೇವಲ ಅಲಂಕಾರವೆನಿಸಿರಲಿಲ್ಲ. ಅವು ವಂಶದಿಂದ ಬರುತ್ತಿದ್ದವು, ಸಾರ್ವಭೌಮನಿಂದ ಸಾಮಂತನಿಗೆ ದೊರೆಯುತ್ತಿದ್ದವು, ಯುದ್ಧದಲ್ಲಿ ಸೋತವನಿಂದ ಗೆದ್ದವನ ಕೈಸೇರುತ್ತಿದ್ದವು. ಆದುದರಿಂದ ಯಾರ ಬಳಿ ಯಾವ ಲಾಂಛನವಿತ್ತು ಎಂಬುದು ಯಾರು ಎಷ್ಟರಮಟ್ಟಿನ ಅರಸರು ಎಂಬುದನ್ನೂ ತಿಳಿಸುತ್ತದೆ.

ಪಟ್ಟ ಮತ್ತು ಪಟ್ಟಬಂಧ

ಅರಸನಾಗುವುದೆಂದರೆ ಕಿರೀಟ ತೊಡುವುದು ಎಂಬ ಕಲ್ಪನೆ ಇಂದಿನ ಓದುಗರಲ್ಲಿ ನಾಟಕ, ಚಲನಚಿತ್ರಗಳಿಂದ ಬೇರೂರಿದೆ. ಕನ್ನಡದ ಹಳೆಯ ಮಾತು ಬೇರೆಯದನ್ನು ಹೇಳುತ್ತದೆ. ಪಟ್ಟ ಎಂದರೆ ಹಣೆಗೆ ಕಟ್ಟುವ ಚಿನ್ನದ ಪಟ್ಟಿ. ಅದನ್ನು ಕಟ್ಟುವ ಕ್ರಿಯೆಯೇ ಪಟ್ಟಬಂಧ; ಹಳಗನ್ನಡದಲ್ಲಿ ಪಟ್ಟಂಗಟ್ಟು. ಪಟ್ಟದರಸಿ, ಪಟ್ಟದಾನೆ, ಪಟ್ಟದ ಕುದುರೆ, ಪಟ್ಟದ ಕತ್ತಿ, ಮಠಗಳ ಪಟ್ಟಾಧಿಕಾರ ಎಂಬ ಪದಗಳೆಲ್ಲ ಇದೇ ಮೂಲದಿಂದ ಬಂದವು. ‘ಪಟ್ಟ ಕಟ್ಟುವುದು’ ಎಂಬ ನುಡಿಯ ಜೊತೆಗೇ ‘ಪಟ್ಟಕ್ಕೇರುವುದು’ ಎಂಬ ನುಡಿಯೂ ಬಳಕೆಗೆ ಬಂದುದನ್ನು ನೋಡಿದರೆ, ಹಣೆಯ ಪಟ್ಟಿಯ ಅರ್ಥ ಕ್ರಮೇಣ ಮರೆಯಾಗಿ ಅದು ಪದವಿಗೂ ಸಿಂಹಾಸನಕ್ಕೂ ಅನ್ವಯವಾದಂತೆ ತೋರುತ್ತದೆ.

ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪಟ್ಟದ ಲಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ. ಅದರಂತೆ ಅಪ್ಪಟ ಚಿನ್ನದಿಂದ ಮಾಡಿದ ಪಟ್ಟದ ಅಗಲ ನಡುಭಾಗದಲ್ಲಿ ಅರಸನಿಗೆ 8 ಅಂಗುಲ, ಪಟ್ಟದರಸಿಗೆ 7, ಯುವರಾಜನಿಗೆ 6, ಸೇನಾಪತಿಗೆ 4 ಅಂಗುಲ ಇರಬೇಕು. ಅರಸನು ಮೆಚ್ಚಿ ಕೊಡುವ ಪ್ರಸಾದಪಟ್ಟಕ್ಕೆ 2 ಅಂಗುಲ. ಅರಸನ ಪಟ್ಟಕ್ಕೆ ಐದು ಶಿಖೆಗಳು, ಅರಸಿ ಮತ್ತು ಯುವರಾಜರ ಪಟ್ಟಕ್ಕೆ ಮೂರು, ಸೇನಾಪತಿಯದಕ್ಕೆ ಒಂದು, ಪ್ರಸಾದಪಟ್ಟಕ್ಕೆ ಶಿಖೆಯಿಲ್ಲ. ಹಣೆಯ ಮೇಲಿನ ಶಿಖೆಗಳನ್ನು ಎಣಿಸಿದರೆ ಆ ವ್ಯಕ್ತಿಯ ಸ್ಥಾನ ತಿಳಿಯುವಂತಹ ಏರ್ಪಾಡು ಇದು. ಇದರ ರೂಪವನ್ನು ಊಹಿಸಿಕೊಳ್ಳಲು ವಿದ್ಯಾರ್ಥಿಗಳು ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗವನ್ನು ನೆನೆಯಬಹುದು.

ಪಟ್ಟವನ್ನು ಯಾರು ಕಟ್ಟಿದರು ಎಂಬುದಕ್ಕೂ ಮಹತ್ವವಿತ್ತು. ತಲಕಾಡಿನ ಗಂಗರ ಇಮ್ಮಡಿ ಶಿವಮಾರನಿಗೆ ರಾಷ್ಟ್ರಕೂಟ ಗೋವಿಂದ ಮತ್ತು ಪಲ್ಲವ ನಂದಿವರ್ಮ ತಮ್ಮ ಕೈಯಾರೆ ಪಟ್ಟ ಕಟ್ಟಿದರೆಂದು ಗಂಗರ ತಾಮ್ರಶಾಸನ ಹೇಳುತ್ತದೆ. ಕಟ್ಟಿಸಿಕೊಂಡವನಿಗೆ ಅದು ಗೌರವ. ಕಟ್ಟಿದವರಿಗೆ ತಾವು ಅವನಿಗಿಂತ ಮೇಲೆಂಬ ಘೋಷಣೆ. ಸುಮಾರು ಎರಡು ಶತಮಾನಗಳ ತರುವಾಯ ಪಾತ್ರಗಳು ಅದಲುಬದಲಾದವು. ರಾಷ್ಟ್ರಕೂಟರ ಅಧಿಕಾರ ಕುಸಿಯುತ್ತಿದ್ದಾಗ ಅವರ ಸಾಮಂತನಾಗಿದ್ದ ಗಂಗ ಮಾರಸಿಂಹನೇ ನಾಲ್ವಡಿ ಇಂದ್ರನಿಗೆ ಪಟ್ಟಬಂಧೋತ್ಸವ ನಡೆಸಿದನು. ಈ ವಿಷಯ ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಸ್ತಂಭದ ಶಾಸನದಲ್ಲಿದೆ. ಲಾಂಛನ ಉಳಿದಿದ್ದರೂ ಅದನ್ನು ಹೊರುವ ಬಲ ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಇಂದ್ರನು ರಾಜ್ಯವನ್ನು ಮರಳಿ ಪಡೆಯಲಿಲ್ಲ.

ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು ಈ ವಿಧಿಯ ಹೆಸರನ್ನೇ ಹೊತ್ತ ಊರು. ಇದರ ಪ್ರಾಚೀನ ನಾಮ ಕಿಸುವೊಳಲ್. ಬಾದಾಮಿ ಚಾಲುಕ್ಯರ ಪಟ್ಟಾಭಿಷೇಕಗಳು ಇಲ್ಲಿ ನಡೆಯುತ್ತಿದ್ದವು ಎಂಬುದು ಪರಂಪರೆಯ ನಂಬಿಕೆ. 1987ರಲ್ಲಿ ಯುನೆಸ್ಕೋ ಇಲ್ಲಿನ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅಭಿಷೇಕ ಮತ್ತು ಆಸನ

ಪಟ್ಟಬಂಧದೊಡನೆ ಸೇರಿಕೊಂಡ ಇನ್ನೊಂದು ವಿಧಿ ಅಭಿಷೇಕ, ಅಂದರೆ ಪುಣ್ಯಜಲದ ಪ್ರೋಕ್ಷಣೆ. ಇದರ ಮೂಲ ವೈದಿಕವಾದುದು. ಐತರೇಯ ಬ್ರಾಹ್ಮಣದಲ್ಲಿ ವರ್ಣಿತವಾದ ಅಭಿಷೇಕದಲ್ಲಿ ಅರಸನು ಕುಳಿತುಕೊಳ್ಳುವ ಪೀಠಕ್ಕೆ ಆಸಂದಿ ಎಂದು ಹೆಸರು. ಅದನ್ನು ಔದುಂಬರ, ಅಂದರೆ ಅತ್ತಿಯ ಮರದಿಂದ ಮಾಡಬೇಕು. ಮೈಸೂರಿನ ಸಿಂಹಾಸನದ ಒಳಮೈಯೂ ಅತ್ತಿಮರದ್ದೇ ಎಂಬ ಹೇಳಿಕೆಯನ್ನು ಇದರೊಂದಿಗೆ ಇಟ್ಟು ನೋಡಬಹುದು. ಕಲ್ಯಾಣ ಚಾಲುಕ್ಯ ಮುಮ್ಮಡಿ ಸೋಮೇಶ್ವರನು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಆಸನ, ಚಾಮರ, ಛತ್ರ, ಪಾದುಕೆಗಳನ್ನು ಅರಸನ ಭೋಗಗಳ ಸಾಲಿನಲ್ಲಿ ಪ್ರತ್ಯೇಕವಾಗಿ ವಿವೇಚಿಸಲಾಗಿದೆ. ಸ್ವತಃ ಸಿಂಹಾಸನದಲ್ಲಿದ್ದವನೇ ಬರೆದ ಗ್ರಂಥವೆಂಬುದು ಇದರ ವಿಶೇಷ.

ಬೆಳ್ಗೊಡೆ

ಕೊಡೆಯು ಬಿಸಿಲನ್ನು ತಡೆಯುವ ಸಾಧನವಾಗಿದ್ದರೂ ಬಿಳಿಯ ಕೊಡೆ ಮಾತ್ರ ಒಡೆತನದ ಗುರುತು. ಒಂದು ರಾಜ್ಯ ಒಬ್ಬನ ಆಳ್ವಿಕೆಗೆ ಒಳಪಟ್ಟಿತು ಎನ್ನಲು ‘ಏಕಚ್ಛತ್ರ’ ಎಂಬ ಮಾತು ಇಂದಿಗೂ ಸಲ್ಲುತ್ತದೆ.

ಕೊಡೆಯ ಮಹತ್ವವನ್ನು ಕನ್ನಡದಲ್ಲಿ ಮನಮುಟ್ಟುವಂತೆ ನಿರೂಪಿಸಿದವನು ರಾಘವಾಂಕ. ಅವನ ಹರಿಶ್ಚಂದ್ರ ಕಾವ್ಯದಲ್ಲಿ ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಗಾಯಕಿಯರು ಅರಸನ ಮುಂದೆ ಹಾಡುತ್ತಾರೆ. ಮೆಚ್ಚಿದ ಅರಸನು ಆಭರಣಗಳನ್ನು ಕೊಡುತ್ತಾನೆ. ಅವರು ಅವನ್ನು ಒಲ್ಲದೆ ಮುತ್ತಿನ ಸತ್ತಿಗೆಯನ್ನು ಬೇಡುತ್ತಾರೆ. ಬೇಡಿದ್ದನ್ನು ಇಲ್ಲವೆನ್ನದ ಹರಿಶ್ಚಂದ್ರನು ಇಲ್ಲಿ ನಿರಾಕರಿಸುತ್ತಾನೆ. ಏಕೆಂದರೆ ಅದು ಸೂರ್ಯವಂಶದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬಂದುದು, ಪಟ್ಟ ಕಟ್ಟುವಾಗ ಅದಿಲ್ಲದೆ ಅರಸುತನವೇ ಇಲ್ಲ. ಒಡವೆ ಅರಸನ ಸ್ವತ್ತು, ಕೊಡೆ ಅರಸುತನದ ಸ್ವತ್ತು ಎಂಬ ಭೇದವನ್ನು ಈ ಪ್ರಸಂಗ ಸ್ಪಷ್ಟಪಡಿಸುತ್ತದೆ. ರಾಜಲಾಂಛನದ ಲಕ್ಷಣವನ್ನು ತಿಳಿಯಬಯಸುವವರಿಗೆ ಶಾಸ್ತ್ರಗ್ರಂಥಗಳಿಗಿಂತ ಈ ಭಾಗವೇ ಹೆಚ್ಚು ಉಪಯುಕ್ತ.

ಗೆದ್ದು ತಂದವು, ಕೊಡುಗೆಯಾಗಿ ಬಂದವು

ಬಾದಾಮಿ ಚಾಲುಕ್ಯರ ಲಾಂಛನ ವರಾಹ. ಆದರೆ ಅವರ ಶಾಸನಗಳು ಹೆಚ್ಚು ಅಭಿಮಾನದಿಂದ ಹೇಳಿಕೊಳ್ಳುವುದು ಉತ್ತರದಿಂದ ಗೆದ್ದು ತಂದ ಚಿಹ್ನೆಗಳನ್ನು. ವಿನಯಾದಿತ್ಯನು ಉತ್ತರಾಪಥದ ಒಡೆಯನನ್ನು ಸೋಲಿಸಿ ಪಾಳಿಧ್ವಜವೇ ಮೊದಲಾದ ಸಾರ್ವಭೌಮ ಚಿಹ್ನೆಗಳನ್ನು ಪಡೆದನೆಂದೂ, ಅವನ ಮಗ ವಿಜಯಾದಿತ್ಯನು ಗಂಗೆ, ಯಮುನೆಯರ ಚಿಹ್ನೆಗಳನ್ನು ತಂದನೆಂದೂ ಅವುಗಳಲ್ಲಿದೆ. ತೆಂಕಣದ ಅರಸನ ಮುಂದೆ ಗಂಗಾ ಯಮುನೆಯರ ಗುರುತು ಸಾಗಿದರೆ, ಆ ನದಿಗಳ ನಾಡಿನ ಮೇಲೂ ಅವನ ಹಿರಿಮೆ ಸಂದಿದೆ ಎಂದೇ ಅರ್ಥ.

ಸಾಮಂತರಿಗೆ ದೊರೆಯುತ್ತಿದ್ದ ಮುಖ್ಯ ಗೌರವ ಪಂಚಮಹಾಶಬ್ದ. ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣದ ಅರ್ಥ, ಐದು ಮಹಾವಾದ್ಯಗಳನ್ನು ನುಡಿಸಿಕೊಳ್ಳುವ ಹಕ್ಕನ್ನು ಪಡೆದವನು ಎಂದು. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯಲ್ಲಿ ಶೃಂಗ (ಕೊಂಬು), ತಮ್ಮಟೆ, ಶಂಖ, ಭೇರಿ, ಜಯಘಂಟೆಗಳೆಂದು ಈ ಐದನ್ನು ಹೆಸರಿಸಲಾಗಿದೆ. ಈ ಹಕ್ಕು ಮೇಲಿನವನ ಅನುಗ್ರಹದಿಂದ ಬರುವಂತಹುದು. ಆದುದರಿಂದ ಈ ವಿಶೇಷಣ ಘನತೆಯ ಜೊತೆಗೆ ಅಧೀನತೆಯನ್ನೂ ಸೂಚಿಸುತ್ತದೆ.

ಹೊಯ್ಸಳರು

ಇಂದಿನ ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆಗಳು ಹೊಯ್ಸಳ ರಾಜ್ಯದ ಹೃದಯಭಾಗ. ಹುಲಿಯನ್ನು ಇರಿಯುವ ಸಳನ ಚಿತ್ರ ಈ ವಂಶದ ಲಾಂಛನವೆಂದು ಪ್ರಸಿದ್ಧವಾಗಿದೆ. ವಿಷ್ಣುವರ್ಧನನು 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿದನು, 1117ರಲ್ಲಿ ಬೇಲೂರಿನ ವಿಜಯನಾರಾಯಣನ ಪ್ರತಿಷ್ಠೆ ಮಾಡಿಸಿದನು. ಇಷ್ಟಾದರೂ ಶಾಸನಗಳಲ್ಲಿ ಅವನು ಪಂಚಮಹಾಶಬ್ದ ಪಡೆದ ಮಹಾಮಂಡಲೇಶ್ವರ, ಅಂದರೆ ಕಲ್ಯಾಣದ ಚಾಲುಕ್ಯರ ಸಾಮಂತ. ಗೆಲುವು ಅವನದಾಗಿದ್ದರೂ ಸಾರ್ವಭೌಮ ಪದವಿ ಅವನದಾಗಿರಲಿಲ್ಲ.

ಆ ಕೊರತೆಯನ್ನು ನೀಗಿದವನು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳ. ತಂದೆ ಒಂದನೆಯ ನರಸಿಂಹನ ವಿರುದ್ಧವೇ ಎದ್ದು ನಿಂತಿದ್ದ ಬಲ್ಲಾಳನಿಗೆ 1173ರಲ್ಲಿ ಪಟ್ಟಾಭಿಷೇಕವಾಯಿತು. ಮುಂದೆ ಕಲ್ಯಾಣದ ಅಧಿಕಾರ ಅಳಿದು, ಸೇವುಣರೊಡನೆ ಹೋರಾಡಿ ಗೆದ್ದ ಬಳಿಕ ಅವನು ಚಕ್ರವರ್ತಿಯ ಬಿರುದುಗಳನ್ನು ಧರಿಸಿದನು. ಪಟ್ಟವು ತನಗೆ ತಾನೇ ಸ್ವಾತಂತ್ರ್ಯವನ್ನು ತಂದುಕೊಡಲಿಲ್ಲ. ಪಟ್ಟಕ್ಕೂ ಸಾರ್ವಭೌಮತ್ವಕ್ಕೂ ನಡುವೆ ಸುಮಾರು ಎರಡು ದಶಕಗಳ ಅಂತರವಿತ್ತು.

ಹೊಯ್ಸಳ ರಾಣಿಯರ ವಿಷಯದಲ್ಲಿಯೂ ಪಟ್ಟವೇ ಸ್ಥಾನವನ್ನು ನಿರ್ಣಯಿಸುತ್ತಿತ್ತು. ವಿಷ್ಣುವರ್ಧನನ ಅರಸಿಯರಲ್ಲಿ ಶಾಂತಲೆಗೆ ‘ಪಟ್ಟಮಹಾದೇವಿ’ ಎಂಬ ವಿಶೇಷಣವಿದೆ. ಶ್ರವಣಬೆಳಗೊಳದಲ್ಲಿ ಅವಳು ಕಟ್ಟಿಸಿದ ಬಸದಿಗೆ ಅವಳದೇ ಬಿರುದಿನಿಂದ ಸವತಿಗಂಧವಾರಣ ಬಸದಿ ಎಂಬ ಹೆಸರು ಬಂದಿತು. ಸವತಿಯರೆಂಬ ಆನೆಗಳ ನಡುವೆ ಮದಗಜ ಎಂಬ ಈ ಬಿರುದು ಪಟ್ಟದ ಸ್ಪರ್ಧೆ ಅಂತಃಪುರದಲ್ಲಿಯೂ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಹೊಯ್ಸಳರ ಪಟ್ಟ, ಸಿಂಹಾಸನಗಳು ಇಂದು ನೋಡಲು ಉಳಿದಿಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರವನ್ನು ಮುತ್ತಿದಾಗ ಮುಮ್ಮಡಿ ಬಲ್ಲಾಳನು ಆನೆ, ಕುದುರೆ, ಭಂಡಾರಗಳನ್ನು ಒಪ್ಪಿಸಬೇಕಾಯಿತು. ಉಳಿದಿರುವುದು ಕಲ್ಲಿನ ಸಾಕ್ಷ್ಯ. ಬೇಲೂರು ಚೆನ್ನಕೇಶವ ದೇವಾಲಯದ ಪೂರ್ವದ್ವಾರದ ಇಕ್ಕೆಲದ ಜಾಲಂಧ್ರಗಳಲ್ಲಿ ಆಸ್ಥಾನದ ದೃಶ್ಯಗಳನ್ನು ಕೆತ್ತಲಾಗಿದೆ: ಪೀಠದಲ್ಲಿ ಅರಸ, ಬಳಿಯಲ್ಲಿ ಅರಸಿ, ಸುತ್ತ ಪರಿವಾರ ಹಾಗೂ ಚಾಮರಧಾರಿಣಿಯರು. ಪ್ರವಾಸಿಗರು ಸಾಮಾನ್ಯವಾಗಿ ಮದನಿಕೆಯರನ್ನು ನೋಡುವ ಆತುರದಲ್ಲಿ ಇವುಗಳನ್ನು ದಾಟಿ ಹೋಗುತ್ತಾರೆ.

ವಿಜಯನಗರ

ವಿಜಯನಗರದ ಕಾಲಕ್ಕೆ ಅರಸರ ತಲೆಯುಡುಗೆ ಬದಲಾಯಿತು. ಜರತಾರಿಯ ಎತ್ತರದ ಟೊಪ್ಪಿಗೆ, ಕುಲ್ಲಾಯಿ, ಆಸ್ಥಾನದ ಗುರುತಾಯಿತು. ತಿರುಮಲೆಯ ದೇವಾಲಯದಲ್ಲಿ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹಪ್ರತಿಮೆಯಲ್ಲಿ ಇದನ್ನು ಕಾಣಬಹುದು. ಅವನ ಪಟ್ಟಾಭಿಷೇಕ ಮಹೋತ್ಸವದ ನೆನಪಿಗೆ ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ರಂಗಮಂಟಪ ಮತ್ತು ಗೋಪುರಗಳನ್ನು ಕಟ್ಟಿಸಲಾಯಿತೆಂದು ಅಲ್ಲಿನ ಶಾಸನ ತಿಳಿಸುತ್ತದೆ. ಅವನ ತರುವಾಯ 1529ರಲ್ಲಿ ಬಂದ ಅಚ್ಯುತರಾಯನಿಗೆ ತಿರುಮಲೆಯಲ್ಲಿ ದೇವರ ಕೈಯ ಶಂಖದ ನೀರಿನಿಂದ ಅಭಿಷೇಕವಾಯಿತೆಂದು ರಾಜನಾಥ ಡಿಂಡಿಮನ ಅಚ್ಯುತರಾಯಾಭ್ಯುದಯ ವರ್ಣಿಸುತ್ತದೆ. ಉತ್ತರಾಧಿಕಾರಕ್ಕೆ ಪೈಪೋಟಿಯಿದ್ದಾಗ ದೇವರ ಕೈಯಿಂದಲೇ ಬಂದ ಅಭಿಷೇಕಕ್ಕಿಂತ ದೊಡ್ಡ ಪ್ರಮಾಣ ಬೇರೆ ಬೇಕಿರಲಿಲ್ಲ.

1565ರ ರಕ್ಕಸತಂಗಡಿ ಯುದ್ಧದ ಸೋಲಿನ ನಂತರ ರಾಜಪರಿವಾರ ಪೆನುಗೊಂಡೆಗೆ ತೆರಳಿತು. ಭಂಡಾರ, ಲಾಂಛನಗಳು ಮತ್ತು ರತ್ನಸಿಂಹಾಸನವನ್ನು ಆನೆಗಳ ಮೇಲೆ ಹೇರಿಕೊಂಡು ಹೋದರೆಂದು ರಾಬರ್ಟ್ ಸಿವೆಲ್ ಬರೆದಿದ್ದಾನೆ. ರಾಜಧಾನಿಯನ್ನು ಬಿಡಬಹುದಿತ್ತು, ಸಿಂಹಾಸನವನ್ನು ಬಿಡುವಂತಿರಲಿಲ್ಲ.

ಮೈಸೂರು

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದು ಅಲ್ಲಿನ ಸಿಂಹಾಸನವನ್ನೇರಿದರು; ಅದೇ ವರ್ಷ ದಸರಾ ಉತ್ಸವ ಆರಂಭವಾಯಿತು. ಈ ಸಿಂಹಾಸನ ಪಾಂಡವರದೆಂದೂ, ಪೆನುಗೊಂಡೆಯಲ್ಲಿ ಹೂತಿದ್ದುದನ್ನು ವಿದ್ಯಾರಣ್ಯರು ತೋರಿಸಿಕೊಟ್ಟರೆಂದೂ ಐತಿಹ್ಯವಿದೆ. ಐತಿಹ್ಯವನ್ನು ಇತಿಹಾಸವೆಂದು ಓದಬಾರದು. ಆದರೆ ಹೊಸ ಮನೆತನವೊಂದು ಹಳೆಯ ಸಾಮ್ರಾಜ್ಯದ ವಾರಸುದಾರಿಕೆಯನ್ನು ಪೀಠದ ಮೂಲಕ ಸಾಧಿಸಿಕೊಂಡ ಬಗೆ ಅದರಲ್ಲಿದೆ. ಗಂಡಭೇರುಂಡ ಮೈಸೂರಿನ ರಾಜಮುದ್ರೆಯಾಗಿ ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಎರಡು ಸಿಂಹಾಸನಗಳ ಗತಿ ಎರಡು ಬಗೆಯಾಯಿತು. ಟಿಪ್ಪು ಸುಲ್ತಾನನ ಹುಲಿಮೊಗದ ಚಿನ್ನದ ಸಿಂಹಾಸನವನ್ನು ಇಂಗ್ಲಿಷರು ಒಡೆದು ಹಂಚಿಕೊಂಡರು. ಅದರ ಹುಲಿಯ ತಲೆ ಮತ್ತು ರತ್ನಖಚಿತ ಹುಮಾ ಪಕ್ಷಿ ಈಗ ಇಂಗ್ಲೆಂಡಿನ ರಾಜಸಂಗ್ರಹದಲ್ಲಿವೆ. ಒಡೆಯರ ಹಳೆಯ ಸಿಂಹಾಸನ ಉಗ್ರಾಣದಲ್ಲಿ ದೊರೆಯಿತೆಂದು ಹೇಳುತ್ತಾರೆ. ಅದೇ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು.

ಮೈಸೂರಿನ ಸಿಂಹಾಸನದ ಪೂರ್ವಕ್ಕೆ ಆನೆ, ದಕ್ಷಿಣಕ್ಕೆ ಕುದುರೆ, ಪಶ್ಚಿಮಕ್ಕೆ ಕಾಲಾಳು, ಉತ್ತರಕ್ಕೆ ರಥ ಎಂದು ಚತುರಂಗ ಬಲವನ್ನು ಚಿತ್ರಿಸಲಾಗಿದೆ. ಮೇಲಿನ ಚಿನ್ನದ ಕೊಡೆಯ ಅಂಚಿನಲ್ಲಿ ಮುಮ್ಮಡಿ ಕೃಷ್ಣರಾಜರನ್ನು ಹರಸುವ ಸಂಸ್ಕೃತ ಶ್ಲೋಕಗಳಿವೆ.

ಬ್ರಿಟಿಷರ ಕಾಲದಲ್ಲಿ ಪಟ್ಟ ಮತ್ತು ಅಧಿಕಾರ ಬೇರ್ಪಟ್ಟವು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ 1895ರ ಫೆಬ್ರವರಿ 1ರಂದು ಪಟ್ಟವಾದರೂ ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಳಿದರು. ಆಡಳಿತಾಧಿಕಾರ ದೊರೆತುದು 1902ರ ಆಗಸ್ಟ್ 8ರಂದು, ವೈಸರಾಯ್ ಕರ್ಜನ್‌ನ ಕೈಯಿಂದ. ಶಿವಮಾರನಿಗೆ ಬೇರೆಯವರು ಪಟ್ಟ ಕಟ್ಟಿದ ಸಂಗತಿಯ ಹೊಸ ರೂಪವೆಂದೇ ಇದನ್ನು ಪರಿಗಣಿಸಬಹುದು.

ಸಂವಿಧಾನದ 26ನೆಯ ತಿದ್ದುಪಡಿಯಿಂದ (1971) ಅರಸರ ಬಿರುದು, ರಾಜಧನಗಳು ರದ್ದಾದವು. ಲಾಂಛನಗಳು ಮನೆತನದ ಖಾಸಗಿ ವಿಧಿಗಳಲ್ಲಿ ಉಳಿದವು. 2013ರ ಡಿಸೆಂಬರ್‌ನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಉತ್ತರಾಧಿಕಾರಿಯಿಲ್ಲದೆ ನಿಧನರಾದಾಗ, ಮರುವರ್ಷದ ದಸರೆಯಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿರಿಸಿ ಖಾಸಗಿ ದರ್ಬಾರ್ ನಡೆಸಲಾಯಿತು. ರಾಮನ ಪಾದುಕೆಗಳನ್ನು ಸಿಂಹಾಸನದಲ್ಲಿಟ್ಟ ಭರತನ ಕಥೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ದತ್ತುಸ್ವೀಕಾರದ ಬಳಿಕ 2015ರ ಮೇ 28ರಂದು ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರ ಪಟ್ಟಾಭಿಷೇಕ ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ನೆರವೇರಿತು.

ಇತರ ದೇಶಗಳಲ್ಲಿ

ಥಾಯ್ಲೆಂಡಿನ ಪಟ್ಟಾಭಿಷೇಕದಲ್ಲಿ ಒಂಬತ್ತು ಅಂತಸ್ತಿನ ಬಿಳಿಯ ಕೊಡೆ, ಖಡ್ಗ, ಚಾಮರ, ಪಾದುಕೆಗಳಿವೆ. ಇವು ಭಾರತೀಯ ಮೂಲದವೆಂಬುದು ನೋಡಿದೊಡನೆ ತಿಳಿಯುತ್ತದೆ. ಜಪಾನಿನಲ್ಲಿ ಕನ್ನಡಿ, ಖಡ್ಗ, ಮಣಿ ಎಂಬ ಮೂರು ಪವಿತ್ರ ವಸ್ತುಗಳಿವೆ. ಇಂಗ್ಲೆಂಡಿನ ಹಳೆಯ ಲಾಂಛನಗಳನ್ನು 1649ರಲ್ಲಿ ಅರಸೊತ್ತಿಗೆಯನ್ನು ರದ್ದುಗೊಳಿಸಿದವರು ನಾಶಪಡಿಸಿದ್ದರಿಂದ, 2023ರಲ್ಲಿ ಮೂರನೆಯ ಚಾರ್ಲ್ಸ್ ಧರಿಸಿದ ಸಂತ ಎಡ್ವರ್ಡನ ಕಿರೀಟ ವಾಸ್ತವವಾಗಿ 1661ರಲ್ಲಿ ತಯಾರಾದುದು.

ದೇವರ ಉತ್ಸವಗಳಲ್ಲಿ

ಅರಸರು ಇಲ್ಲದ ಇಂದಿನ ದಿನಗಳಲ್ಲಿ ಈ ಲಾಂಛನಗಳನ್ನು ನಿತ್ಯ ಬಳಕೆಯಲ್ಲಿ ಕಾಣಬೇಕಾದರೆ ದೇವಾಲಯಗಳಿಗೆ ಹೋಗಬೇಕು. ಬೇಲೂರಿನ ಚೆನ್ನಕೇಶವನ ಉತ್ಸವವಿರಲಿ, ಗಂಡಸಿ, ಅರಸೀಕೆರೆ ಸುತ್ತಿನ ಗ್ರಾಮದೇವತೆಯ ಜಾತ್ರೆಯಿರಲಿ, ದೇವರು ಹೊರಡುವಾಗ ಸತ್ತಿಗೆ, ಸೂರಿಪಾನಿ, ಚಾಮರಗಳು ಜೊತೆಗೂಡುತ್ತವೆ. ಮುಂದೆ ಕೊಂಬು, ತಮಟೆಗಳು ಮೊಳಗುತ್ತವೆ. ಕೆಲವೆಡೆ ಹಾದಿಗೆ ನಡೆಮಡಿ ಹಾಸುತ್ತಾರೆ. ಸತ್ತಿಗೆ ಹಿಡಿಯುವ, ವಾದ್ಯ ನುಡಿಸುವ, ಮಡಿ ಹಾಸುವ ಕೆಲಸಗಳು ಹಲವು ಊರುಗಳಲ್ಲಿ ಇಂತಿಂಥ ಮನೆತನಗಳಿಗೆ ಸೇರಿದ ಹಕ್ಕುಗಳಾಗಿ ನಡೆದುಬಂದಿವೆ.