ಹಿಗ್ಗಿದ ಕರುಳು, ಸುಮ್ಮನಿದ್ದ ಕರುಳು

ಮೈಸೂರಿನಲ್ಲಿ ಚೆಲುವಾಂಬ ಎಂಬ ಹೆಸರು ಎರಡು ಕಡೆ ಸಿಗುತ್ತದೆ. ಒಂದು, ಕೆ.ಆರ್. ಆಸ್ಪತ್ರೆಯ ಪಕ್ಕದಲ್ಲಿರುವ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ. ಇನ್ನೊಂದು, ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಚೆಲುವಾಜಮ್ಮಣ್ಣಿಯವರ ಬಂಗಲೆ. 1950ರಿಂದ ಅಲ್ಲಿ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ಇದೆ. ಒಂದು ಕಡೆ ಉಬ್ಬಿದ ಹೊಟ್ಟೆಯ ಹಸುಗೂಸು, ಇನ್ನೊಂದು ಕಡೆ ಗಂಜಿಯ ವಿಜ್ಞಾನ. ಇವೆರಡನ್ನೂ ಒಟ್ಟಿಗೆ ಯೋಚಿಸುವಂತೆ ಮಾಡುವ ಕಾಯಿಲೆಯೊಂದಿದೆ.

ಹುಟ್ಟಿದ ಮಗು ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಕಪ್ಪನೆಯ ಮೊದಲ ಮಲ ಹಾಕುತ್ತದೆ. ಸುಮಾರು 5000 ಮಕ್ಕಳಲ್ಲಿ ಒಂದಕ್ಕೆ ಅದು ಆಗುವುದಿಲ್ಲ, ಆದರೂ ತಡವಾಗಿ. ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ, ಹಸಿರು ವಾಂತಿಯಾಗುತ್ತದೆ. ಗರ್ಭದಲ್ಲಿ ಐದನೆಯ ವಾರದಿಂದ ಹನ್ನೆರಡನೆಯ ವಾರದೊಳಗೆ ನರಕೋಶಗಳು ಅನ್ನನಾಳದಿಂದ ಕೆಳಮುಖವಾಗಿ ಕರುಳಿನುದ್ದಕ್ಕೂ ಸಾಗಿ ನೆಲೆಸಬೇಕು. ಅವು ಕೊನೆ ಮುಟ್ಟದೆ ನಡುದಾರಿಯಲ್ಲೇ ನಿಂತರೆ ಅಲ್ಲಿಂದಾಚೆಗಿನ ಕರುಳಿಗೆ ಸಡಿಲಗೊಳ್ಳುವುದೇ ಗೊತ್ತಿರುವುದಿಲ್ಲ. ಇದೇ ಹಿರ್ಷ್‌ಸ್ಪ್ರಂಗ್ ಕಾಯಿಲೆ.

ಸುಶ್ರುತ ಸಂಹಿತೆಯ ಬದ್ಧಗುದೋದರ ಇದೇ ಕಾಯಿಲೆ ಎಂದು ಕೆಲವರು ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಹೇಳಿರುವುದು ಅಂಟುವ ಆಹಾರ, ಕೂದಲು, ಕಲ್ಲು ಸಿಕ್ಕಿಕೊಂಡು ಕರುಳು ಕಟ್ಟುವುದನ್ನು. ಹುಟ್ಟಿನಿಂದ ಬಂದ ದೋಷವನ್ನಲ್ಲ. ಕರುಳು ಕಟ್ಟಿದ ಹೊಟ್ಟೆಯನ್ನು ಅಷ್ಟು ಹಿಂದೆಯೇ ಗಮನಿಸಿ ಹೆಸರಿಟ್ಟರು ಎಂಬುದೇ ಸಾಕಷ್ಟು ದೊಡ್ಡ ಮಾತು.

ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹೆರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಬರ್ಲಿನ್‌ನ ಸಭೆಯೊಂದರಲ್ಲಿ, ವರ್ಷ ತುಂಬುವ ಮೊದಲೇ ತೀರಿಕೊಂಡ ಇಬ್ಬರು ಗಂಡುಮಕ್ಕಳ ಕಥೆ ಹೇಳಿದರು. ಅವರ ದೊಡ್ಡ ಕರುಳು ಭಾರಿಯಾಗಿ ಹಿಗ್ಗಿತ್ತು. ಹಿಗ್ಗಿದ್ದೇ ರೋಗ ಎಂದು ಅವರು ಭಾವಿಸಿದರು. ಯಾರಿಗಾದರೂ ಹಾಗೇ ಅನಿಸುತ್ತದೆ, ಕಣ್ಣಿಗೆ ರಾಚುವುದು ಅದೇ. ಅದರ ಕೆಳಗಿನ ಕಿರಿದಾದ, ನೋಡಲು ಏನೂ ಊನವಿಲ್ಲದ ತುಂಡಿನ ಮೇಲೆ ಹೆಚ್ಚಿನವರಿಗೆ ಅನುಮಾನ ಬರಲಿಲ್ಲ. ಹೀಗಾಗಿ ಸುಮಾರು ಅರವತ್ತು ವರ್ಷ ಶಸ್ತ್ರವೈದ್ಯರು ಹಿಗ್ಗಿದ ಭಾಗವನ್ನೇ ಕತ್ತರಿಸುತ್ತ ಬಂದರು, ಅಂದರೆ ಆರೋಗ್ಯವಾಗಿದ್ದ, ಬರೀ ದುಡಿದು ದಣಿದ ಕರುಳನ್ನು. ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದಾಗಲೂ, ಜಗತ್ತಿನ ಯಾವ ಕಾಲೇಜಿನಲ್ಲೂ ಇದರ ಸರಿಯಾದ ಉತ್ತರ ಇರಲಿಲ್ಲ.

ಉತ್ತರ ಬಂದದ್ದು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಿಂದ. ಇಂಥ ಮಕ್ಕಳಿಗೆ ಹೊಟ್ಟೆಯ ಮೇಲೆ ತಾತ್ಕಾಲಿಕ ದ್ವಾರ ಮಾಡಿದರೆ ಅವು ಚೇತರಿಸಿಕೊಳ್ಳುತ್ತಿದ್ದವು. ದ್ವಾರ ಮುಚ್ಚಿದರೆ ಮತ್ತೆ ಹಳೆಯ ಪಾಡು. ಹಾಗಾದರೆ ತಪ್ಪು ದ್ವಾರದ ಕೆಳಗಿದೆ ಎಂದು ಓರ್ವಾರ್ ಸ್ವೆನ್ಸನ್ ತರ್ಕಿಸಿದರು. 1948ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ನರಕೋಶವಿಲ್ಲದ ತುಂಡನ್ನು ತೆಗೆದು, ಮೇಲಿನ ಒಳ್ಳೆಯ ಕರುಳನ್ನು ಕೆಳಗೆಳೆದು ಗುದದ್ವಾರಕ್ಕೆ ಹೊಲಿಯಲಾಗುತ್ತಿತ್ತು. ಆಮೇಲೆ ಡುಹಾಮೆಲ್, ಸೋವೆ ತಮ್ಮ ತಮ್ಮ ವಿಧಾನಗಳನ್ನು ತಂದರು. ಮೂಲ ಯೋಚನೆ ಬದಲಾಗಲಿಲ್ಲ.

ವೈದ್ಯಕೀಯ ಇತಿಹಾಸದ ಪುಸ್ತಕಗಳು ಇಲ್ಲಿ ಚಪ್ಪಾಳೆ ತಟ್ಟಿ ಪುಟ ಮುಗಿಸುತ್ತವೆ. ಮಗುವಿನ ಕಥೆ ಶುರುವಾಗುವುದೇ ಇಲ್ಲಿಂದ. ಕರುಳು ಬರೀ ಕೊಳವೆಯಲ್ಲ, ಕೆಟ್ಟ ತುಂಡು ತೆಗೆದು ಜೋಡಿಸಿದರೆ ಮುಗಿಯಲು. ದೊಡ್ಡವರಲ್ಲಿ ದಿನಕ್ಕೆ ಒಂದೂವರೆ ಲೀಟರಿನಷ್ಟು ನೀರು ದೊಡ್ಡ ಕರುಳಿಗೆ ಬರುತ್ತದೆ. ಹೊರಗೆ ಹೋಗುವುದು ನೂರಿನ್ನೂರು ಮಿಲಿಲೀಟರು. ಉಳಿದ ನೀರನ್ನೂ ಜೊತೆಗೆ ಉಪ್ಪನ್ನೂ ಅದು ಹಿಂದಕ್ಕೆ ಹೀರಿಕೊಳ್ಳುತ್ತದೆ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾ ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಉರುವಲು ಎಂದು 1980ರ ಸುಮಾರಿಗೆ ರೋಡಿಗರ್ ತೋರಿಸಿದರು. ನಮ್ಮ ಕರುಳು ರಕ್ತ ಕೊಟ್ಟದ್ದನ್ನಷ್ಟೇ ಅಲ್ಲ, ಬ್ಯಾಕ್ಟೀರಿಯಾ ಅಟ್ಟಿದ್ದನ್ನೂ ಉಣ್ಣುತ್ತದೆ! ದ್ವಾರ ಮಾಡಿದ ಮೇಲೆ ಮಲ ಹರಿಯದ ಕೆಳಗಿನ ಕರುಳು ಈ ಊಟವಿಲ್ಲದೆ ಉರಿಯೂತಕ್ಕೆ ಒಳಗಾಗಬಹುದು. 1989ರಲ್ಲಿ ಅಮೆರಿಕದ ವೈದ್ಯರು ಅಂಥ ಕೆಲವು ರೋಗಿಗಳ ಕರುಳಿಗೆ ಇದೇ ಆಮ್ಲಗಳನ್ನು ಎನಿಮಾದ ಮೂಲಕ ಕೊಟ್ಟು ಗುಣ ಕಂಡರು.

ದೊಡ್ಡ ಕರುಳು ಪೂರ್ತಿ ಹೋದ ಮಕ್ಕಳ ಪಾಡು ಬೇರೆ. ಮಲ ನೀರಿನಂತೆ ಹೋಗುತ್ತದೆ, ಜೊತೆಗೆ ಸೋಡಿಯಂ ಹೋಗುತ್ತದೆ. ಹಾಲು ಸಾಕಷ್ಟು ಕುಡಿದರೂ ತೂಕ ಏರುವುದಿಲ್ಲ. ರಕ್ತದ ಪರೀಕ್ಷೆ ಚೆನ್ನಾಗಿಯೇ ಕಾಣಬಹುದು. ಮೂತ್ರದಲ್ಲಿ ಸೋಡಿಯಂ ತಳ ಕಂಡಿರುತ್ತದೆ. ಉಪ್ಪು ಕೂಡಿಸಿದರೆ ಮಗು ಬೆಳೆಯತೊಡಗುತ್ತದೆ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ, ಹಾಲು ಸಾಲದು ಎಂದು ಮನೆಯವರೆಲ್ಲ ತಾಯಿಯನ್ನು ದೂರುವುದಿದೆ.

ಈಗ ಆ ಇನ್ನೊಂದು ಚೆಲುವಾಂಬೆಯ ಮನೆಗೆ ಬರೋಣ. ಅಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1982ರಲ್ಲಿ, ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಿಂದ ಎಳೆಯ ಮಕ್ಕಳ ಆಹಾರವೊಂದನ್ನು ರೂಪಿಸಿ ಪ್ರಕಟಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಶಸ್ತ್ರಚಿಕಿತ್ಸೆಯಾದ ಮಗುವಲ್ಲ, ಹಾಲು ಬಿಡುವ ವಯಸ್ಸಿನ ಬಡಮನೆಯ ಮಗು. ಅವರು ಹಿಡಿದ ಸಮಸ್ಯೆ ಯಾವ ತಾಯಿಗೂ ಗೊತ್ತಿರುವಂಥದ್ದು. ರಾಗಿ ಸರಿ ಬೇಯುತ್ತಲೇ ಗಟ್ಟಿಯಾಗುತ್ತದೆ, ಮಗು ನುಂಗಲಿ ಎಂದು ನೀರು ಬೆರೆಸಬೇಕಾಗುತ್ತದೆ, ಆಗ ಪುಟ್ಟ ಹೊಟ್ಟೆ ತುಂಬುವುದು ನೀರಿನಿಂದ. ಮೊಳಕೆ ಬಂದ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ತುಂಡರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಒಂದೇ ಬಟ್ಟಲಿನಲ್ಲಿ ಹೆಚ್ಚು ಆಹಾರ. ನಮ್ಮ ಹಳ್ಳಿಯ ಅಜ್ಜಿಯರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಒಣಗಿಸಿ ಬೀಸುತ್ತಿದ್ದದ್ದೂ ಇದನ್ನೇ. ಪ್ರಯೋಗಾಲಯ ಮಾಡಿದ್ದು ಅದರ ಸ್ನಿಗ್ಧತೆಯನ್ನು ಅಳೆದು, ಕಾರಣ ಹೇಳಿ, ಪ್ರಮಾಣ ಗೊತ್ತುಮಾಡಿದ್ದು.

ಹಾಗೆಂದು ಕರುಳಿನ ಆಪರೇಷನ್ ಆದ ಪ್ರತಿ ಮಗುವಿಗೂ ಮಾಲ್ಟ್ ಕುಡಿಸಿ ಎನ್ನುವ ಧೈರ್ಯ ನನಗಿಲ್ಲ. ತುಂಡಾದ ಪಿಷ್ಟವೆಂದರೆ ಸಕ್ಕರೆಯ ಹತ್ತಿರದ ನೆಂಟ, ಮತ್ತು ಸಕ್ಕರೆ ಹೆಚ್ಚಾದರೆ ನೀರ್ಬೇದಿ ಹೆಚ್ಚುತ್ತದೆ. ಹಣ್ಣಿನ ಜ್ಯೂಸಿನ ತೊಂದರೆಯೂ ಅದೇ. ಯಾವ ಮಗುವಿಗೆ ಎಷ್ಟು ಕರುಳು ಉಳಿದಿದೆ ಎಂಬುದರ ಮೇಲೆ ಊಟ ನಿಂತಿದೆ, ಅದನ್ನು ಹೇಳಬೇಕಾದವರು ಅದರ ವೈದ್ಯರು. ಆಪರೇಷನ್ ಚೆನ್ನಾಗಿ ಆದ ಮೇಲೂ ಕೆಲವು ಮಕ್ಕಳಿಗೆ ಕರುಳಿನ ಉರಿಯೂತ ಮರಳಿ ಬರುತ್ತದೆ. ಜ್ವರ, ಉಬ್ಬಿದ ಹೊಟ್ಟೆ, ದುರ್ವಾಸನೆಯ ಬೇದಿ ಒಟ್ಟಿಗೆ ಕಂಡರೆ ಮನೆಮದ್ದಿನಲ್ಲಿ ರಾತ್ರಿ ಕಳೆಯಬಾರದು, ಆಗಲೇ ಆಸ್ಪತ್ರೆಗೆ ಹೊರಡಬೇಕು.

ಮತ್ತೆ ಕೆಲವರಿಗೆ ತೊಂದರೆ ಕಾಣುವುದು ಐದಾರು ವರ್ಷದ ಮೇಲೆ. ಮಗು ಶಾಲೆಗೆ ಸೇರಿರುತ್ತದೆ, ಗಾಯ ಮಾಸಿರುತ್ತದೆ, ಆಸ್ಪತ್ರೆಯ ಕಡತ ಮುಚ್ಚಿರುತ್ತದೆ. ಎರಡನೆಯ ಪೀರಿಯಡ್ಡಿನ ನಡುವೆ ಅದು ಕಿರುಬೆರಳೆತ್ತಿ ಹೊರಗೆ ಹೋಗಲು ಕೇಳುತ್ತದೆ. ಈಗತಾನೇ ಹೋಗಿ ಬಂದೆಯಲ್ಲ, ಕೂತುಕೋ ಎನ್ನುತ್ತಾರೆ ಮೇಷ್ಟ್ರು.