ಹೆಸರು ಕಳೆದುಕೊಂಡ ಬಳ್ಳಿ ಗುಲಾಬಿಗಳು: ಗುರುತಿಸುವಿಕೆಯಲ್ಲಿ ಹೂವಿನ ಸಾಕ್ಷ್ಯದ ಮಿತಿ

ತೋಟದ ಬೇಲಿಯ ಮೇಲೋ ಹಳೆಯ ಮನೆಯ ಗೋಡೆಯ ಮೇಲೋ ಹಬ್ಬಿ ನಿಂತ, ನೆಟ್ಟವರ ನೆನಪಾಗಲಿ ಹೆಸರಿನ ಚೀಟಿಯಾಗಲಿ ಉಳಿಯದ ಬಳ್ಳಿ ಗುಲಾಬಿಯನ್ನು ಗುರುತಿಸುವ ಪ್ರಯತ್ನ ಸಾಮಾನ್ಯವಾಗಿ ಹೂವಿನಿಂದಲೇ ಆರಂಭವಾಗುತ್ತದೆ; ಹೂವಿನ ಬಣ್ಣ, ಎಸಳುಗಳ ಸಂಖ್ಯೆ ಮತ್ತು ಪರಿಮಳವನ್ನು ತಳಿಪಟ್ಟಿಯ ಚಿತ್ರ ಹಾಗೂ ವಿವರಗಳೊಡನೆ ಹೋಲಿಸಿ ಹೆಸರನ್ನು ನಿರ್ಧರಿಸಲಾಗುತ್ತದೆ. ಈ ಕ್ರಮ ಎಷ್ಟು ಸಹಜವೋ ಅಷ್ಟೇ ದುರ್ಬಲ. ರೋಸಾ ಜಾತಿಯಲ್ಲಿ ಕಾಡು ಪ್ರಭೇದಗಳೇ ನೂರಕ್ಕೂ ಹೆಚ್ಚಿದ್ದು, ಮನುಷ್ಯರು ಬೆಳೆಸಿದ ತಳಿಗಳು ಸಾವಿರಾರು ಇರುವಾಗ, ಬಿಳಿಯ ಐದೆಸಳಿನ ಗೊಂಚಲು ಹೂಗಳನ್ನು ಬಿಡುವ ಬಳ್ಳಿಗಳು ಹತ್ತಾರು ಸಿಗುತ್ತವೆ. ಜತೆಗೆ ಬಣ್ಣವೆಂಬುದು ಬಿಸಿಲಿಗೆ, ಹವೆಗೆ, ಹೂ ಅರಳಿ ಎಷ್ಟು ದಿನವಾಯಿತೆಂಬುದಕ್ಕೆ ತಕ್ಕಂತೆ ಬದಲಾಗುವ ಗುಣ. ಹೂವಿಗಿಂತ ಹೂವಿನ ಆಚೆಯ ಅಂಗಗಳೂ ಹೂ ಬಿಡುವ ಕಾಲವೂ ಗಿಡದ ಬೆಳವಣಿಗೆಯ ರೀತಿಯೂ ಹೆಚ್ಚು ನಂಬಲರ್ಹ ಸಾಕ್ಷ್ಯಗಳೆಂಬುದನ್ನು ಕೆಲವು ದಾಖಲಿತ ಪ್ರಕರಣಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

‘ಬಳ್ಳಿ’ ಎಂಬ ಮಾತೇ ಇಲ್ಲಿ ಪೂರ್ತಿ ಸರಿಯಲ್ಲ. ಗುಲಾಬಿಗೆ ಕುಂಬಳದ ಬಳ್ಳಿಯಂತೆ ಕುಡಿಬಳ್ಳಿಗಳಿಲ್ಲ, ಅವರೆಯಂತೆ ಆಸರೆಗೆ ಸುತ್ತಿಕೊಳ್ಳುವ ಕಾಂಡವೂ ಇಲ್ಲ. ಕೊಕ್ಕೆಯಂತೆ ಕೆಳಮುಖವಾಗಿ ಬಾಗಿದ ಮುಳ್ಳುಗಳನ್ನು ನೆರೆಯ ಗಿಡಮರಗಳಿಗೆ ಸಿಕ್ಕಿಸಿಕೊಂಡು ಅದು ಮೇಲೇರುತ್ತದೆ. ತೋಟಗಾರರು ಇಂಥ ಗಿಡಗಳನ್ನು ರ‍್ಯಾಂಬ್ಲರ್ ಮತ್ತು ಕ್ಲೈಂಬರ್ ಎಂದು ಎರಡಾಗಿ ವಿಂಗಡಿಸುತ್ತಾರೆ. ಬುಡದಿಂದ ಪ್ರತಿವರ್ಷ ಬಳುಕುವ ಹೊಸ ಕೊಂಬೆಗಳನ್ನು ಹೊರಡಿಸಿ, ಸಣ್ಣ ಹೂಗಳ ದೊಡ್ಡ ಗೊಂಚಲುಗಳನ್ನು ವರ್ಷಕ್ಕೊಮ್ಮೆ ಮಾತ್ರ ಬಿಡುವಂಥದ್ದು ಮೊದಲನೆಯದು. ಗಡುಸಾದ ಕೊಂಬೆಗಳ ಮೇಲೆ ದೊಡ್ಡ ಹೂಗಳನ್ನು ಹಲವು ಸಲ ಬಿಡುವಂಥದ್ದು ಎರಡನೆಯದು. ಎರಡೂ ಗುಣಗಳು ಬೆರೆತ ತಳಿಗಳು ಬೇಕಾದಷ್ಟಿರುವುದರಿಂದ ಈ ವಿಂಗಡಣೆಯನ್ನು ಮೊದಲ ಜರಡಿಯೆಂದು ಮಾತ್ರ ಬಳಸಬೇಕು.

ಇದಕ್ಕಿಂತ ಸೂಕ್ಷ್ಮವಾದ ಜರಡಿ ಎಲೆಯ ಬುಡದಲ್ಲಿದೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಇಕ್ಕೆಲಗಳಲ್ಲಿ ಕಾಣುವ ಸಣ್ಣ ಎಲೆಯಂಥ ರಚನೆಗಳಿಗೆ ವೃಂತಪರ್ಣಗಳೆಂದು ಹೆಸರು. ಬಹುತೇಕ ಗುಲಾಬಿಗಳಲ್ಲಿ ಇವು ತೊಟ್ಟಿಗೆ ಅಂಟಿಕೊಂಡು ಎಲೆ ಉದುರುವವರೆಗೂ ಉಳಿದರೆ, ಚೀನಾ ಮೂಲದ ರೋಸಾ ಬ್ಯಾಂಕ್ಸಿಯೆ ಎಂಬ ಪ್ರಭೇದದಲ್ಲಿ ದಾರದಷ್ಟು ತೆಳ್ಳಗಿದ್ದು ಬೇಗ ಕಳಚಿ ಬೀಳುತ್ತವೆ. ಹೀಗಾಗಿ ಮುಳ್ಳು ವಿರಳವಾದ ಈ ಬಳ್ಳಿಯನ್ನು ಹೂವಿಲ್ಲದ ಕಾಲದಲ್ಲೂ ಗುರುತಿಸಬಹುದು. ಪೂರ್ವ ಏಷ್ಯಾದ ರೋಸಾ ಮಲ್ಟಿಫ್ಲೋರಾದಲ್ಲಿ ವೃಂತಪರ್ಣದ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿರುತ್ತದೆ, ಮತ್ತು ಈ ಲಕ್ಷಣ ಅದರ ಸಂತತಿಯ ತಳಿಗಳಲ್ಲೂ ಬಹುಮಟ್ಟಿಗೆ ಮುಂದುವರಿಯುತ್ತದೆ. ಇಂಗ್ಲೆಂಡಿನಲ್ಲಿ 1893ರಲ್ಲಿ ಮಾರಾಟಕ್ಕೆ ಬಂದ ‘ಕ್ರಿಮ್ಸನ್ ರ‍್ಯಾಂಬ್ಲರ್’ ಮತ್ತು ಅಮೆರಿಕದಲ್ಲಿ 1909ರಲ್ಲಿ ಬಂದ ‘ಎಕ್ಸೆಲ್ಸಾ’ ಎಂಬ ಎರಡು ಕೆಂಪು ತಳಿಗಳು ದೂರದಿಂದ ಒಂದೇ ಎನಿಸುತ್ತವೆ. ಮೊದಲನೆಯದು ಮಲ್ಟಿಫ್ಲೋರಾ ವಂಶದ್ದಾದ್ದರಿಂದ ಸೀಳಿದ ವೃಂತಪರ್ಣವನ್ನೂ ಮಂಕಾದ ಎಲೆಯನ್ನೂ ಹೊಂದಿದೆ, ಎರಡನೆಯದು ರೋಸಾ ವಿಚುರಾನಾ ವಂಶದ್ದಾದ್ದರಿಂದ ಅದರ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಇಲ್ಲಿ ಹೂವನ್ನು ನೋಡುತ್ತ ಕುಳಿತರೆ ತೀರ್ಮಾನ ಸಿಗದು, ಎಲೆಯನ್ನು ಹಿಡಿದು ನೋಡಿದರೆ ಗಳಿಗೆಯಲ್ಲಿ ಸಿಗುತ್ತದೆ.

ಹೂವಿನೊಳಗೂ ಬಣ್ಣಕ್ಕಿಂತ ದೃಢವಾದ ಗುರುತೊಂದಿದೆ. ಹೂವಿನ ಹೆಣ್ಣು ಭಾಗದಲ್ಲಿ ಪರಾಗವನ್ನು ಸ್ವೀಕರಿಸುವ ತುದಿಯನ್ನು ಹೊತ್ತ ಕಡ್ಡಿಯಂಥ ರಚನೆಗೆ ಶಲಾಕೆ ಎನ್ನುತ್ತಾರೆ. ಹಬ್ಬುವ ಗುಲಾಬಿಗಳ ಒಂದು ದೊಡ್ಡ ಗುಂಪಿನಲ್ಲಿ ಈ ಶಲಾಕೆಗಳೆಲ್ಲ ಒಂದಕ್ಕೊಂದು ಕೂಡಿ ಹೂವಿನ ನಡುವೆ ಪುಟ್ಟ ಕಂಬದಂತೆ ಎದ್ದು ನಿಲ್ಲುತ್ತವೆ. ಸಸ್ಯಶಾಸ್ತ್ರಜ್ಞರು ಈ ಗುಂಪನ್ನು ಸಿನ್‌ಸ್ಟೈಲೆ ಎಂದು ಕರೆದಿದ್ದಾರೆ. ಮಲ್ಟಿಫ್ಲೋರಾ ಮತ್ತು ವಿಚುರಾನಾ ಈ ಗುಂಪಿನವೇ. ನೀಲಗಿರಿ ಮತ್ತು ಪಳನಿ ಬೆಟ್ಟಗಳ ಕಾಡುಗಳಲ್ಲಿ ಬೆಳೆಯುವ, ಫ್ರೆಂಚ್ ಸಸ್ಯಸಂಗ್ರಾಹಕ ಲೆಶೆನೊನ ಹೆಸರು ಹೊತ್ತ ಬಿಳಿಯ ಕಾಡುಗುಲಾಬಿ ರೋಸಾ ಲೆಶೆನೊಲ್ಟಿಯಾನಾ ಕೂಡ ಇದಕ್ಕೇ ಸೇರುತ್ತದೆ. ಮಣಿಪುರ ಮತ್ತು ಬರ್ಮಾದ ಬೆಟ್ಟಗಳ ರೋಸಾ ಜೈಗ್ಯಾಂಟಿಯಾ ಮರದೆತ್ತರಕ್ಕೆ ಹಬ್ಬುವ ಬಳ್ಳಿಯೇ ಆದರೂ ಅದರ ಶಲಾಕೆಗಳು ಬಿಡಿಬಿಡಿಯಾಗಿರುವುದರಿಂದ ಅದು ಈ ಗುಂಪಿನ ಹೊರಗೆ ಉಳಿಯುತ್ತದೆ.

ಆದರೆ ಶಲಾಕೆಯ ಕಂಬವೂ ಬಿಳಿಯ ಹೂವೂ ಎರಡು ಪ್ರಭೇದಗಳಲ್ಲಿ ಒಂದೇ ಆಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಸ್ತೂರಿ ಗುಲಾಬಿಯ ಪ್ರಕರಣಕ್ಕಿಂತ ಬೋಧಪ್ರದವಾದದ್ದು ಸಿಗಲಾರದು. ಯುರೋಪಿನ ತೋಟಗಳಲ್ಲಿ ಶತಮಾನಗಳಿಂದ ಬೆಳೆಯುತ್ತಿದ್ದ, 1762ರಲ್ಲಿ ಹರ್ಮನ್ ರೋಸಾ ಮೊಸ್ಕಾಟಾ ಎಂದು ಶಾಸ್ತ್ರೀಯವಾಗಿ ಹೆಸರಿಸಿದ ಈ ಗಿಡ ಬೇಸಿಗೆಯ ಕೊನೆಗೆ ಹೂವಾಗಲು ತೊಡಗಿ ಶರತ್ಕಾಲದವರೆಗೂ ಮುಂದುವರಿಯುತ್ತದೆಂದು ಹಳೆಯ ಇಂಗ್ಲಿಷ್ ಸಸ್ಯಗ್ರಂಥಗಳು ವಿವರಿಸಿದ್ದವು. ಹಿಮಾಲಯದ ತಪ್ಪಲಲ್ಲಿ ಕುಂಜ ಎಂದು ಕರೆಯಲಾಗುವ ಇನ್ನೊಂದು ಬಳ್ಳಿಯನ್ನು ಲಿಂಡ್ಲೆ 1820ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನನ ಗೌರವಾರ್ಥ ರೋಸಾ ಬ್ರೂನೋನಿಯೈ ಎಂದು ಪ್ರಕಟಿಸಿದನು; ಅದು ಇಂಗ್ಲೆಂಡಿಗೆ ತಲುಪಿ, ಹಳೆಯ ಗಿಡಕ್ಕಿಂತ ಹುಲುಸಾಗಿ ಬೆಳೆಯಿತು. ಎರಡೂ ಬಿಳಿಯ ಗೊಂಚಲು ಹೂ ಬಿಡುತ್ತವೆ, ಎರಡಕ್ಕೂ ಕಸ್ತೂರಿಯನ್ನು ನೆನಪಿಸುವ ಪರಿಮಳವಿದೆ. ಕ್ರಮೇಣ ಹಳೆಯದು ತೋಟಗಳಿಂದ ಮರೆಯಾಗಿ, ಹಿಮಾಲಯದ ಬಳ್ಳಿಯೇ ಅದರ ಹೆಸರನ್ನು ಹೊತ್ತು ನರ್ಸರಿಗಳಲ್ಲಿ ಮಾರಾಟವಾಗತೊಡಗಿತು, ಮತ್ತು ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಬಲ್ಲವರ ತೋಟಗಳಲ್ಲೂ ಈ ಅದಲುಬದಲು ಬೇರೂರಿತ್ತು.

ಇದನ್ನು ಬಿಡಿಸಿದವರು ಹಳೆಯ ಗುಲಾಬಿಗಳ ಅಧ್ಯಯನಕ್ಕೆ ಹೆಸರಾದ ಗ್ರಹಾಂ ಸ್ಟುವರ್ಟ್ ಥಾಮಸ್. ಅವರು ಹಿಡಿದ ಎಳೆ ಹೂವಿನ ಆಕಾರದ್ದಲ್ಲ, ಪಂಚಾಂಗದ್ದು: ಹಳೆಯ ಗ್ರಂಥಗಳ ಗಿಡ ಆಗಸ್ಟ್ ಸುಮಾರಿಗೆ ಅರಳುವುದಾದರೆ, ಜೂನ್ ಆಸುಪಾಸಿನಲ್ಲೇ ಅರಳಿ ಮುಗಿಯುವ ನರ್ಸರಿಯ ಗಿಡ ಅದೇ ಆಗಿರಲು ಹೇಗೆ ಸಾಧ್ಯ? ತೋಟಗಾರ ಇ. ಎ. ಬೌಲ್ಸ್ 1914ರ ತಮ್ಮ ಪುಸ್ತಕದಲ್ಲಿ, ಬಿಟನ್ ಊರಿನ ಪಾದ್ರಿ ಎಲಕೋಂಬರ ತೋಟದಿಂದ ಬಂದ ನಿಜವಾದ ಕಸ್ತೂರಿ ಗುಲಾಬಿ ತಮ್ಮಲ್ಲಿದೆಯೆಂದು ಬರೆದಿದ್ದರು. ಲಂಡನ್ನಿನ ಉತ್ತರದ ಎನ್‌ಫೀಲ್ಡ್‌ನಲ್ಲಿರುವ ಬೌಲ್ಸರ ಮಿಡಲ್‌ಟನ್ ಹೌಸಿನ ಗೋಡೆಯ ಮೇಲೆ, ಅವರು ತೀರಿಕೊಂಡು ಸುಮಾರು ಒಂಬತ್ತು ವರ್ಷಗಳ ಬಳಿಕ, 1963ರಲ್ಲಿ ಥಾಮಸರಿಗೆ ಆ ಗಿಡ ದೊರೆಯಿತು. ಹಿಮಾಲಯದ ಬಳ್ಳಿಯ ಕಿರುಎಲೆಗಳು ಉದ್ದವಾಗಿ, ಬೂದುಛಾಯೆಯಿಂದ ಕೂಡಿ, ಜೋಲುತ್ತವೆ. ಗಿಡ ಹತ್ತು ಮೀಟರಿನಾಚೆಗೂ ಮರವೇರುತ್ತದೆ. ನಿಜವಾದ ಮೊಸ್ಕಾಟಾದ ಕಿರುಎಲೆಗಳು ಅಗಲವಾಗಿದ್ದು, ಗಿಡ ಸುಮಾರು ಮೂರು ಮೀಟರಿಗೆ ನಿಲ್ಲುತ್ತದೆ. ಹೂವಿನ ಸಾಕ್ಷ್ಯವೊಂದನ್ನೇ ನಂಬಿದ್ದರಿಂದ ಇಷ್ಟು ಸ್ಪಷ್ಟವಾದ ವ್ಯತ್ಯಾಸಗಳೂ ದೀರ್ಘಕಾಲ ಕಣ್ಣಿಗೆ ಬೀಳಲಿಲ್ಲವೆಂಬುದು ಗಮನಾರ್ಹ.

ಕಾಲದ ಸಾಕ್ಷ್ಯ ಎಲ್ಲೆಡೆ ಒಂದೇ ಬಲದ್ದಲ್ಲವೆಂಬುದನ್ನೂ ಹೇಳಬೇಕು. ಚಳಿಗಾಲ ಸೌಮ್ಯವಾಗಿರುವ ಬೆಂಗಳೂರಿನಂಥ ಕಡೆ ಮರುಹೂ ಬಿಡುವ ತಳಿಗಳು ವರ್ಷದ ಹೆಚ್ಚಿನ ಭಾಗ ಅರಳುತ್ತಲೇ ಇರುತ್ತವೆ, ಶೀತವನ್ನು ಬೇಡುವ ತಳಿಗಳು ಹೂವಾಗದೆಯೇ ಉಳಿಯಬಹುದು. ಅಲ್ಲಿ ವೃಂತಪರ್ಣ, ಮುಳ್ಳು ಮತ್ತು ಕಾಯಿಗಳ ಮೇಲೆಯೇ ಹೆಚ್ಚು ಭಾರ ಹಾಕಬೇಕಾಗುತ್ತದೆ.

ತೋಟದಲ್ಲಿ ‘ತಾನಾಗಿ’ ಕಾಣಿಸಿಕೊಂಡ ಬಳ್ಳಿ ಗುಲಾಬಿಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು: ಗಿಡ ನೆಲದಿಂದ ಬಂದಿದೆಯೋ, ಕಸಿಯ ಗಂಟಿನಿಂದ ಬಂದಿದೆಯೋ? ಮಾರಾಟದ ಗುಲಾಬಿಗಳನ್ನು ಬಹುವಾಗಿ ಕಣ್ಣು ಕಸಿ ಮಾಡಿ, ಅಂದರೆ ಗಟ್ಟಿಮುಟ್ಟಾದ ಬೇರುಸಸಿಯ ತೊಗಟೆಯೊಳಗೆ ಬೇಕಾದ ತಳಿಯ ಮೊಗ್ಗನ್ನು ಕೂಡಿಸಿ ಬೆಳೆಸುತ್ತಾರೆ. ಮೇಲಿನ ತಳಿ ಸತ್ತರೆ ಬೇರುಸಸಿ ಚಿಗುರಿ ತನ್ನದೇ ಹೂ ಬಿಡುತ್ತದೆ. ಅಮೆರಿಕದಲ್ಲಿ ಹೀಗೆ ಕಾಣಿಸಿಕೊಳ್ಳುವ ಕಡುಗೆಂಪು ಬಳ್ಳಿ ಬಹುಪಾಲು ‘ಡಾ. ಹ್ಯೂಯಿ’. ಕ್ಯಾಪ್ಟನ್ ಜಾರ್ಜ್ ಥಾಮಸ್ ಬೆಳೆಸಿ, ಫಿಲಡೆಲ್ಫಿಯಾದ ದಂತವೈದ್ಯ ರಾಬರ್ಟ್ ಹ್ಯೂಯಿಯ ಹೆಸರಿನಲ್ಲಿ 1920ರಲ್ಲಿ ಮಾರುಕಟ್ಟೆಗೆ ಬಂದ ಈ ತಳಿ ತೋಟದ ಹೂವಾಗಿ ಆರಂಭಗೊಂಡು, ಮುಂದೆ ಬೇರುಸಸಿಯಾಗಿ ಲಕ್ಷಾಂತರ ಗಿಡಗಳ ಬುಡ ಸೇರಿತು. ಹಳದಿ ಗುಲಾಬಿ ನೆಟ್ಟಿದ್ದ ಜಾಗದಲ್ಲಿ ಕೆಂಪು ಬಂದಿತೆಂಬ ಅಚ್ಚರಿಗೆ ಅಲ್ಲಿ ಸಾಮಾನ್ಯವಾಗಿ ಇದೇ ಉತ್ತರ. ಭಾರತದ ನರ್ಸರಿಗಳಲ್ಲಿ ಮಲ್ಟಿಫ್ಲೋರಾವನ್ನು ಬೇರುಸಸಿಯಾಗಿ ಬಳಸುವ ರೂಢಿ ಇರುವುದರಿಂದ, ಇಲ್ಲಿನ ತೋಟದಲ್ಲಿ ಬಣ್ಣದ ಗುಲಾಬಿಯ ಬುಡದಿಂದ ಸಣ್ಣ ಬಿಳಿ ಹೂಗಳ ಬಳ್ಳಿ ಎದ್ದರೆ ಬಾಚಣಿಗೆಯಂಥ ವೃಂತಪರ್ಣವಿದೆಯೇ ಎಂದು ಮೊದಲು ನೋಡುವುದು ಉಚಿತ.

ವಂಶವಾಹಿ ಪರೀಕ್ಷೆ ಈ ಎಲ್ಲ ಶ್ರಮವನ್ನು ಅನಗತ್ಯಗೊಳಿಸುತ್ತದೆಂಬ ನಿರೀಕ್ಷೆ ಅಷ್ಟಾಗಿ ಸಮರ್ಥನೀಯವಲ್ಲ. ಡಿಎನ್‌ಎ ಹೋಲಿಕೆಗೆ ಹೆಸರು ಖಚಿತವಾದ ಮಾದರಿಯೊಂದು ಮೊದಲೇ ಇರಬೇಕು. ಆ ಮಾದರಿಯ ಹೆಸರೇ ತಪ್ಪಾಗಿದ್ದರೆ ಪರೀಕ್ಷೆ ತಪ್ಪನ್ನೇ ದೃಢಪಡಿಸುತ್ತದೆ. ಮೇಲಾಗಿ ಅನೇಕ ಬಳ್ಳಿ ಗುಲಾಬಿಗಳು ಪೊದೆ ಗುಲಾಬಿಯ ಒಂದು ಕೊಂಬೆಯಲ್ಲಿ ಹಠಾತ್ತಾಗಿ ಕಾಣಿಸಿಕೊಂಡ ರೂಪಾಂತರಗಳು. ಎಡೆಬಿಡದೆ ಹೂ ಬಿಡುವ ‘ಓಲ್ಡ್ ಬ್ಲಶ್’ ಎಂಬ ಚೀನೀ ಗುಲಾಬಿಯಲ್ಲಿ, ಹೂ ಬಿಡುವುದನ್ನು ತಡೆಯುವ ಕೆಎಸ್ಎನ್ ಎಂಬ ವಂಶವಾಹಿಯೊಳಗೆ ಸ್ಥಳ ಬದಲಿಸುವ ಡಿಎನ್‌ಎ ತುಣುಕೊಂದು ಹೊಕ್ಕು ಅದನ್ನು ನಿಷ್ಕ್ರಿಯಗೊಳಿಸಿದೆಯೆಂದೂ, ಬಳ್ಳಿಯಾಗಿ ಮಾರ್ಪಟ್ಟ ಗಿಡದಲ್ಲಿ ಆ ತುಣುಕಿನ ಹೆಚ್ಚಿನ ಭಾಗ ಕಳಚಿಹೋಗಿ ವಂಶವಾಹಿ ಮತ್ತೆ ಕೆಲಸ ಮಾಡತೊಡಗುತ್ತದೆಂದೂ ಫ್ರಾನ್ಸ್ ಮತ್ತು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಒಂದೇ ತುಣುಕಿನ ಈ ವ್ಯತ್ಯಾಸ ಸಾಮಾನ್ಯ ಡಿಎನ್‌ಎ ಬೆರಳಚ್ಚು ಪರೀಕ್ಷೆಗೆ ಸಿಕ್ಕುವಂಥದ್ದಲ್ಲ. ಪೊದೆಯೂ ಬಳ್ಳಿಯೂ ಅಲ್ಲಿ ಒಂದೇ ಗಿಡವೆಂದು ತೋರುತ್ತವೆ, ಕಣ್ಣಿಗೆ ಮಾತ್ರ ಬೇರೆ.

ಹೆಸರು ಸಿಗದಿದ್ದಾಗ ಹೆಸರಿಡುವ ಆತುರವೇ ಹೆಚ್ಚು ಹಾನಿ ಮಾಡುತ್ತದೆ. ಚೀನಾದ ರೋಸಾ ಲೀವಿಗೇಟಾ ಅಮೆರಿಕದ ಜಾರ್ಜಿಯಾದಲ್ಲಿ ಕಾಡುಗಿಡದಂತೆ ಹಬ್ಬಿದ್ದನ್ನು ಕಂಡು ಫ್ರೆಂಚ್ ಸಸ್ಯಶಾಸ್ತ್ರಜ್ಞ ಮಿಶೊ 1803ರಲ್ಲಿ ಅದನ್ನು ಅಲ್ಲಿನ ಗಿಡವೆಂದೇ ವರ್ಣಿಸಿದನು. 1916ರಲ್ಲಿ ಅದು ಮೂಲನಿವಾಸಿ ಚೆರೊಕಿ ಜನರ ಹೆಸರಿನಲ್ಲಿ ಆ ರಾಜ್ಯದ ಅಧಿಕೃತ ಪುಷ್ಪವೂ ಆಯಿತು. ಇದಕ್ಕೆ ವ್ಯತಿರಿಕ್ತವಾಗಿ, 1954ರಲ್ಲಿ ಸ್ಥಾಪನೆಯಾದ ಬರ್ಮುಡಾ ಗುಲಾಬಿ ಸಂಘ ತನ್ನ ದ್ವೀಪದ ಅನಾಮಿಕ ಗುಲಾಬಿಗಳಿಗೆ ಅವು ಸಿಕ್ಕ ಊರಿನ ಅಥವಾ ತೋಟದ ಹೆಸರನ್ನು ತಾತ್ಕಾಲಿಕವಾಗಿ ಕೊಡುವ ಕ್ರಮವನ್ನು ಅನುಸರಿಸಿತು. ಹಳೆಯ ಗುಲಾಬಿಗಳ ಅಧ್ಯಯನದಲ್ಲಿ ಇಂಥ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೂ ಖಚಿತವಾದ ತಳಿಯ ಹೆಸರನ್ನು ಒಂಟಿ ಚಿಹ್ನೆಯೊಳಗೂ ಬರೆಯುವುದು ವಾಡಿಕೆ. ಬಿಳಿ ಹೂವಿನಲ್ಲಿ ಕೆಲವೊಮ್ಮೆ ಕೆಂಪು ಗೆರೆ ತೋರುವ ಅಲ್ಲಿನ ಒಂದು ಗುಲಾಬಿ ಸಸ್ಯಸಂಗ್ರಾಹಕ ರಾಬರ್ಟ್ ಫಾರ್ಚೂನ್ ಚೀನಾದಿಂದ ತಂದ ‘ಐದು ಬಣ್ಣದ ಗುಲಾಬಿ’ಯೇ ಇರಬೇಕೆಂಬ ಅಭಿಪ್ರಾಯ ಪ್ರಚಲಿತವಾಗಿದ್ದರೂ, ಅದು ಇಂದಿಗೂ “ಸ್ಮಿತ್ಸ್ ಪ್ಯಾರಿಷ್” ಎಂಬ ತಾತ್ಕಾಲಿಕ ಹೆಸರಿನಲ್ಲೇ ತೋಟಗಳಲ್ಲಿ ಬೆಳೆಯುತ್ತಿದೆ.