ಕೂರ್ಮಗಡ: ಕಾರವಾರದ ಕಡಲಲ್ಲೊಂದು ಕಾಡು

ಕಾರವಾರದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ದೃಷ್ಟಿ ಹಾಯಿಸಿದರೆ ಅರಬ್ಬಿ ಸಮುದ್ರದ ನಡುವೆ ಹಸಿರು ಗುಡ್ಡಗಳು ತಲೆ ಎತ್ತಿ ನಿಂತಂತೆ ಕಾಣುತ್ತವೆ. ಕೂರ್ಮಗಡ, ದೇವಗಡ, ಅಂಜದೀವ್ ಇವುಗಳಲ್ಲಿ ಪ್ರಮುಖವಾದವು. ಯಾವುದೂ ರಾಷ್ಟ್ರೀಯ ಉದ್ಯಾನವಲ್ಲ. ಸಫಾರಿ ವಾಹನವಾಗಲಿ, ಪ್ರವೇಶದ್ವಾರದ ಟಿಕೆಟ್ ಕೌಂಟರಾಗಲಿ ಇಲ್ಲಿಲ್ಲ. ಆದರೂ ಕಾಡು ಮತ್ತು ಕಡಲನ್ನು ಒಂದೇ ನೋಟದಲ್ಲಿ ಕಾಣಬಯಸುವವರಿಗೆ ರಾಜ್ಯದಲ್ಲಿ ಇಂಥ ತಾಣಗಳು ವಿರಳ.

ಆಮೆಯ ಬೆನ್ನಿನಂತೆ ತೋರುವ ಕಾರಣ ಕೂರ್ಮಗಡಕ್ಕೆ ಆ ಹೆಸರು. ಗುಡ್ಡದ ಮೇಲೆ ಮರಗಿಡಗಳ ದಟ್ಟಣೆ, ಅಂಚಿನಲ್ಲಿ ಕಪ್ಪು ಬಂಡೆಗಳು, ಮೇಲೆ ನರಸಿಂಹ ದೇವರ ಗುಡಿ. ಜನವರಿ ಸುಮಾರಿಗೆ ಬರುವ ಪುಷ್ಯ ಹುಣ್ಣಿಮೆಯಂದು ಇಲ್ಲಿ ಜಾತ್ರೆ ನಡೆಯುತ್ತದೆ. ಮೀನುಗಾರರು ತಮ್ಮ ದೋಣಿಗಳನ್ನು ಸಿಂಗರಿಸಿಕೊಂಡು ಬಂದು ಪೂಜೆ ಸಲ್ಲಿಸುತ್ತಾರೆ. ಉಳಿದ ದಿನಗಳಲ್ಲಿ ದ್ವೀಪ ಹಕ್ಕಿಗಳದ್ದೇ.

ಈ ಭಾಗದ ಆಕಾಶದ ಒಡೆಯನೆಂದರೆ ಬಿಳಿಹೊಟ್ಟೆಯ ಕಡಲ ಹದ್ದು. ಎತ್ತರದ ಮರಗಳಲ್ಲಿ ಕಡ್ಡಿಗಳ ದೊಡ್ಡ ಗೂಡು ಕಟ್ಟುವ ಈ ಹಕ್ಕಿ ಮೀನು, ಕಡಲ ಹಾವುಗಳನ್ನು ಕಾಲುಗುರುಗಳಿಂದ ಎತ್ತಿಕೊಂಡು ಹೋಗುತ್ತದೆ. ಕಾಳಿ ನದಿ ಸಮುದ್ರ ಸೇರುವ ಅಳಿವೆಯ ಸುತ್ತ ಗೂನುಬೆನ್ನಿನ ಡಾಲ್ಫಿನ್‌ಗಳು ಸಂಚರಿಸುತ್ತವೆ. ಆಳ ಕಡಲಿಗೆ ಹೋಗದೆ ದಡದ ಸಮೀಪವೇ ಬದುಕುವ ಜೀವಿಗಳಾದ್ದರಿಂದ ದೋಣಿಯಿಂದಲೇ ಕಾಣಸಿಗುವುದುಂಟು. ಎಂಜಿನ್ ಸದ್ದು ಮಾಡುತ್ತ ಅವುಗಳ ಬೆನ್ನಟ್ಟುವ ಚಟ ಮಾತ್ರ ಖಂಡನೀಯ. ನದಿಯ ಒಳಮುಖದ ಕಾಂಡ್ಲಾ ವನಗಳಲ್ಲಿ ನೀರುನಾಯಿಗಳಿವೆ.

ಚಳಿಗಾಲದಲ್ಲಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಮರಳು ದಂಡೆಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ವೇಳೆ ಮೊಟ್ಟೆಯಿಡಲು ಬರುತ್ತವೆ. ಮರಿಗಳು ಹೊರಬರಲು ಸುಮಾರು 45ರಿಂದ 60 ದಿನ ಬೇಕು. ಅರಣ್ಯ ಇಲಾಖೆಯು ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತದೆ. ಮರಿಗಳು ಬೆಳಕಿನತ್ತ ಸಾಗುವ ಸ್ವಭಾವದವು. ದಂಡೆಯ ವಿದ್ಯುದ್ದೀಪಗಳು ಅವುಗಳನ್ನು ಕಡಲಿಗೆ ಬದಲು ರಸ್ತೆಯತ್ತ ಸೆಳೆಯುತ್ತವೆ. ಆಮೆಯ ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ದೇವಗಡದ ದೀಪಸ್ತಂಭ ಬ್ರಿಟಿಷರ ಕಾಲದ್ದು. 1864ರಿಂದ ನಾವಿಕರಿಗೆ ದಾರಿ ತೋರುತ್ತಿದೆ. ಅಂಜದೀವ್ ಕಾರವಾರಕ್ಕೆ ಕೂಗಳತೆಯಲ್ಲಿದ್ದರೂ ಆಡಳಿತದ ದೃಷ್ಟಿಯಿಂದ ಗೋವಾಕ್ಕೆ ಸೇರಿದೆ. 1505ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. 1961ರ ಡಿಸೆಂಬರ್‌ನಲ್ಲಿ ಭಾರತೀಯ ನೌಕಾಪಡೆ ದ್ವೀಪವನ್ನು ವಶಪಡಿಸಿಕೊಂಡಿತು. ಅಂಕೋಲಾದ ಆರ್ಯಾದುರ್ಗಾ ದೇವಿ ಮೂಲತಃ ಈ ದ್ವೀಪದವಳು, ಪೋರ್ಚುಗೀಸರ ಹಾವಳಿಯಿಂದ ಅಲ್ಲಿಗೆ ಬಂದವಳು ಎಂಬುದು ಐತಿಹ್ಯ. ಈಗ ದ್ವೀಪವು ಕದಂಬ ನೌಕಾನೆಲೆಯ ಭಾಗವಾಗಿದ್ದು, ಪ್ರವಾಸಿಗರು ಅಲ್ಲಿಗೆ ಹೋಗುವಂತಿಲ್ಲ.

ಕೂರ್ಮಗಡಕ್ಕೆ ತೆರಳುವವರು 2019ರ ಜನವರಿ 21ನ್ನು ಮರೆಯುವಂತಿಲ್ಲ. ಅಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಜಲಸಮಾಧಿಯಾದರು. ಸತ್ತವರಲ್ಲಿ ಮಕ್ಕಳೂ ಇದ್ದರು. ದಡದಿಂದ ನೋಡಿದರೆ ದ್ವೀಪ ಬಹಳ ಹತ್ತಿರವೆನಿಸುತ್ತದೆ. ಈ ಭ್ರಮೆಯೇ ಅಪಾಯಕ್ಕೆ ಮೂಲ. ನದಿಯ ಸೆಳೆತ ಮತ್ತು ಕಡಲ ಅಲೆ ಸಂಧಿಸುವ ಅಳಿವೆಯಲ್ಲಿ ನೀರು ಸದಾ ಪ್ರಕ್ಷುಬ್ಧ. ಮಧ್ಯಾಹ್ನದ ನಂತರ ಗಾಳಿಯೂ ಬಲಗೊಳ್ಳುತ್ತದೆ. ಬೆಳಗ್ಗೆಯೇ ಹೊರಟು ಬೇಗ ಮರಳುವುದು ಲೇಸು. ಲೈಫ್ ಜಾಕೆಟ್ ಕೊಡದ, ಮಿತಿಗಿಂತ ಹೆಚ್ಚು ಜನರನ್ನು ತುಂಬುವ ದೋಣಿಯನ್ನು, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ಹತ್ತಲೇಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಗ್ರವಾಗಿರುವುದರಿಂದ ದ್ವೀಪ ಪ್ರವಾಸ ಸಲ್ಲದು. ಅಕ್ಟೋಬರ್‌ನಿಂದ ಫೆಬ್ರುವರಿ ಪ್ರಶಸ್ತ ಕಾಲ. ದ್ವೀಪದಲ್ಲಿ ಅಂಗಡಿಗಳಿಲ್ಲವಾದ್ದರಿಂದ ಕುಡಿಯುವ ನೀರು, ಬುತ್ತಿ ಒಯ್ಯಬೇಕು, ಕಸವನ್ನು ವಾಪಸು ತರಬೇಕು. ಕಾರವಾರ, ಅಂಕೋಲಾ ಎರಡೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿವೆ. ಕೊಂಕಣ ರೈಲು ಮಾರ್ಗದಲ್ಲಿ ಎರಡಕ್ಕೂ ನಿಲ್ದಾಣವಿದೆ.